ಫ್ರೆಂಚ್ ಕಪಾಟಿನ ಕಳವು

ಗುರುವಾರ ಸಂಜೆ ಏಳು ಗಂಟೆಗೆ ಸಿಂಗಪುರದ ತಂಜಾಂಗ್ ಪಗಾರ್‌ನ ಕಾಂಡೋ ಒಂದರಿಂದ ಠಾಣೆಗೆ ದೂರು ಬಂತು. ಕಳುವಾದದ್ದು ಒಡವೆಯಲ್ಲ, ಲ್ಯಾಪ್‌ಟಾಪ್ ಅಲ್ಲ, ಎದೆಯೆತ್ತರದ ಒಂದು ಕಪಾಟು! ಇನ್ಸ್‌ಪೆಕ್ಟರ್ ಯಶ್ಮಿತಾ ದೂರನ್ನು ಎರಡು ಸಲ ಓದಿ ನಕ್ಕಳು. ಉಡುಪಿಯಿಂದ ಬಂದ ತಂದೆತಾಯಿಗೆ ಸಿಂಗಪುರದಲ್ಲೇ ಹುಟ್ಟಿದ ಮಗಳು ಅವಳು. ಇಷ್ಟು ವರ್ಷದ ಕೆಲಸದಲ್ಲಿ ಕಪಾಟು ಹೊತ್ತೊಯ್ದ ಪುಣ್ಯಾತ್ಮನನ್ನು ಕಂಡಿರಲಿಲ್ಲ.

ದೂರುದಾರ ಸಾಗರ್ ಬೆಂಗಳೂರಿನವನು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಫೋನಿನಲ್ಲಿದ್ದ ಫೋಟೋ ತೋರಿಸಿದ.

“ಫ್ರೆಂಚ್ ಪೀಸ್ ಮೇಡಂ. ನೈನ್‌ಟೀನ್ತ್ ಸೆಂಚುರಿ. ಪ್ಯಾರಿಸ್‌ನಿಂದ ಶಿಪ್ ಮಾಡಿಸಿದ್ದು.”

ಬೀಟೆ ಮರದ ಬಾಗಿಲು, ಮೂಲೆಗಳಿಗೆ ಚಿನ್ನದ ಲೇಪದ ಕಂಚು. ಬಾಗಿಲ ತುಂಬ ಬಣ್ಣಬಣ್ಣದ ಮರದ ತೆಳು ಚೂರುಗಳನ್ನು ಕೂರಿಸಿ ಮಾಡಿದ ಹೂಬುಟ್ಟಿ. ಮೈಸೂರಿನ ಇನ್‌ಲೇ ಕೆಲಸ ಕಂಡವರಿಗೆ ಇದು ಹೊಸದೇನಲ್ಲ, ಆದರೆ ಇದರ ನಾಜೂಕೇ ಬೇರೆ. ದಳಗಳಿಗೆ ನೆರಳು ಬರಲೆಂದು ಒಂದೊಂದು ಚೂರಿನ ಅಂಚನ್ನೂ ಬಿಸಿ ಮರಳಿನಲ್ಲಿ ಕಂದಿಸಿದ್ದರು.

“ಮನೆ ಬಾಗಿಲು ಮುರಿದಿಲ್ಲ. ಲಾಕ್‌ನ ಕೋಡ್ ಯಾರಿಗೆ ಗೊತ್ತು?”

“ನಂಗೆ, ವೈಫ್‌ಗೆ. ಆಮೇಲೆ ಕಾಂಟ್ರಾಕ್ಟರ್‌ಗೆ. ಶನಿವಾರ ಅವನು ಬರೋನಿದ್ದ. ಕಪಾಟಿನ ಹಿಂದಿನ ಹಲಗೆ ಕಟ್ ಮಾಡಿ, ಸೈಡಿಗೆ ತೂತು ಕೊರೆದು, ಒಳಗೆ ವೈನ್ ಚಿಲ್ಲರ್ ಫಿಟ್ ಮಾಡೋ ಪ್ಲಾನು.”

“ಕೋಡ್ ಇನ್ಯಾರಿಗೂ ಗೊತ್ತಿಲ್ವಾ?”

“ಉಗ್ಗಪ್ಪ ಅಂಕಲ್‌ಗೆ ಗೊತ್ತು. ಸೆಲೆಟಾರ್ ಏರ್‌ಪೋರ್ಟ್‌ನಲ್ಲಿ ಎಂಜಿನಿಯರ್, ಪ್ರೈವೇಟ್ ಜೆಟ್‌ಗಳ ಇಂಟೀರಿಯರ್ ಮಾಡಿಸ್ತಾರೆ. ಪ್ಯಾರಿಸ್‌ನಿಂದ ಬಂದಾಗ ಈ ಕಪಾಟು ಅರ್ಧ ಕಿತ್ತುಹೋಗಿತ್ತು. ಪ್ರತಿ ವೀಕೆಂಡ್ ಬಂದು ರಿಪೇರಿ ಮಾಡಿಕೊಟ್ಟೋರು ಅವರು, ಹವ್ಯಾಸಕ್ಕೆ. ಅವರನ್ನ ಮಾತ್ರ ಡೌಟ್ ಪಡಬೇಡಿ.”

ಊರಲ್ಲಾಗಿದ್ದರೆ ಪಂಚನಾಮೆ ಎನ್ನುತ್ತಿದ್ದರು. ಇಲ್ಲಿ ಸಾರ್ಜೆಂಟ್ ಫೈಸಲ್ ಟ್ಯಾಬ್ ಹಿಡಿದು ಸ್ಥಳದ ವಿವರ ದಾಖಲಿಸುತ್ತಾ ಹೋದ. ಕಪಾಟಿನಲ್ಲಿದ್ದ ಗಾಜಿನ ಲೋಟಗಳನ್ನು ಕಳ್ಳ ಒಂದೊಂದಾಗಿ ಟವೆಲ್‌ನಲ್ಲಿ ಸುತ್ತಿ ಸೋಫಾದ ಮೇಲೆ ಮಲಗಿಸಿದ್ದ. ಒಂದಕ್ಕೂ ಬಿರುಕಿಲ್ಲ. ಪಕ್ಕದಲ್ಲೇ ಇದ್ದ ದುಬಾರಿ ಕೈಗಡಿಯಾರವನ್ನು ಮುಟ್ಟಿರಲಿಲ್ಲ.

“ಇಷ್ಟು ಮರ್ಯಾದಸ್ಥ ಕಳ್ಳನನ್ನು ನೋಡಿಲ್ಲ,” ಎಂದ ಫೈಸಲ್.

ಮೊದಲ ಅನುಮಾನ ಕಾಂಟ್ರಾಕ್ಟರ್ ಮೇಲೆ. ಅವನೂ ಅವನ ಆಳುಗಳೂ ಆ ದಿನವೆಲ್ಲ ಬೇರೊಂದು ಮನೆಯಲ್ಲಿ ಟೈಲ್ಸ್ ಹಾಕುತ್ತಿದ್ದರು, ಆ ಮನೆಯವರೇ ಸಾಕ್ಷಿ ಹೇಳಿದರು. ಆ ದಾರಿ ಮುಚ್ಚಿತು.

ಉಳಿದದ್ದು ಲಿಫ್ಟಿನ ಸಿಸಿಟಿವಿ. ಮಧ್ಯಾಹ್ನ ಎರಡಕ್ಕೆ ಟೋಪಿ, ಮಾಸ್ಕ್ ಹಾಕಿದ ಇಬ್ಬರು ಕಂಬಳಿ ಸುತ್ತಿದ ಕಪಾಟನ್ನು ಲಿಫ್ಟಿಗೆ ತಳ್ಳುತ್ತಿದ್ದರು. ಮುಖ ಕಾಣದು, ಮೈಕಟ್ಟೂ ತಿಳಿಯದು. ಒಬ್ಬನ ಬೂಟಿನ ತುದಿ ಕಪಾಟಿಗೆ ತಾಗಿತು. ಅವನು ತಟ್ಟನೆ ನಿಂತು, ಕಪಾಟನ್ನು ಬೆರಳಿಂದ ಮುಟ್ಟಿ, ಕೈಯನ್ನು ಕಣ್ಣಿಗೆ ತಂದ.

“ಬೆವರು ಒರೆಸಿಕೊಂಡ,” ಎಂದ ಫೈಸಲ್.

“ಇನ್ನೊಂದು ಸಲ ಹಾಕು.”

ಬೆವರಲ್ಲ. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಯಶ್ಮಿತಾಗೆ ಮೈ ಜುಮ್ಮೆಂದಿತು. ಚಿಕ್ಕಂದಿನಲ್ಲಿ ಪುಸ್ತಕ ತುಳಿದಾಗಲೆಲ್ಲ ಅಮ್ಮ ಗದರಿಸಿ ಇದನ್ನೇ ಮಾಡಿಸಿದ್ದಳು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಕದಿಯುವ ಗಡಿಬಿಡಿಯಲ್ಲೂ ಈ ಮನುಷ್ಯನ ಕೈ ಅದನ್ನು ಮರೆತಿರಲಿಲ್ಲ. ಕೋಡ್ ಗೊತ್ತಿದ್ದವರಲ್ಲಿ ಆ ಕಪಾಟನ್ನು ಅಷ್ಟು ಗೌರವದಿಂದ ಕಾಣುವವನು ಒಬ್ಬನೇ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಹೌಗಾಂಗ್ ಬಡಾವಣೆಯಲ್ಲಿದ್ದ ಅವನ ಮನೆಗೆ ಹೋದರು. ಬಾಗಿಲು ತೆರೆದದ್ದು ಉಗ್ಗಪ್ಪನ ಹೆಂಡತಿ ಅಕ್ಕು. ಹಾಲ್‌ನಲ್ಲಿ ಚಾಪೆ, ದಿಂಬು, ಗರಗರ ತಿರುಗುವ ಫ್ಯಾನ್.

“ಹಾಲ್‌ನಲ್ಲಿ ಯಾಕೆ ಮಲಗಿದ್ರಿ ಆಂಟಿ?”

“ನಮಗೆ ಫ್ಯಾನ್, ಕಪಾಟಿಗೆ ಎಸಿ! ಸೆಕೆಗೆ ಅಂಟು ಬಿಡ್ತದಂತೆ,” ಎಂದಳು ಅಕ್ಕು. ಬೇಸರವಿತ್ತು, ಆದರೆ ಅದರೊಳಗೊಂದು ಅಕ್ಕರೆಯೂ ಇತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯಲ್ಲ ಉಗ್ಗಪ್ಪ. ತಾನೇ ರೂಮಿನ ಬಾಗಿಲು ತೆರೆದು ನಿಂತ. ಮಂಚವನ್ನು ಗೋಡೆಗೆ ಒರಗಿಸಿ, ನಡುವೆ ಕಪಾಟನ್ನು ಮದುಮಗಳಂತೆ ಕೂರಿಸಿದ್ದ.

“ನಾನೇ ತಂದದ್ದು ಮೇಡಂ. ಜೊತೆಗಿದ್ದವ ಬಾಡಿಗೆ ಲಾರಿಯವ, ಅವನಿಗೆ ಏನೂ ಗೊತ್ತಿಲ್ಲ.”

“ಮಾರೋಕಾ?”

“ಮಾರುವುದಾ!” ಅವನಿಗೆ ನಿಜಕ್ಕೂ ನೋವಾಯಿತು. “ಆ ಬುಟ್ಟಿಯಲ್ಲಿ ಒಂದು ಎಲೆ ಬಿದ್ದುಹೋಗಿತ್ತು. ನಾನು ಹೊಸದು ಮಾಡಿ ಕೂರಿಸಿದೆ. ಉಳಿದದ್ದೆಲ್ಲ ನೂರೈವತ್ತು ವರ್ಷದ ಹಿಂದೆ ಯಾರೋ ಮಾಡಿದ್ದು. ಆ ಜನ ಸತ್ತು ಮಣ್ಣಾಗಿದ್ದಾರೆ, ಕೆಲಸ ಇನ್ನೂ ಬದುಕಿದೆ. ಅದಕ್ಕೆ ಡ್ರಿಲ್ ಹಾಕುವುದು ನೋಡ್ತಾ ಕೂರ್ಲಿಕ್ಕೆ ನನ್ನಿಂದ ಆಗ್ಲಿಲ್ಲ.”

“ಇದು ಕಳವು ಅಂಕಲ್. ಅರೆಸ್ಟ್ ಮಾಡಲೇಬೇಕು. ಸೆಲೆಟಾರ್ ಕೆಲಸಕ್ಕೂ ಕುತ್ತು ಬರಬಹುದು.”

“ಗೊತ್ತುಂಟು.”

ಗುರುತು ಹಿಡಿಯಲು ಸಾಗರ್‌ನನ್ನು ಕರೆಸಿದರು. ಅವನು ಬಂದವನೇ ಬೆಪ್ಪಾಗಿ ನಿಂತ.

“ಅಂಕಲ್, ನನಗೊಂದು ಮಾತು ಹೇಳಬಹುದಿತ್ತಲ್ಲ?”

“ಮೂರು ಸಲ ಹೇಳಿದ್ದೆ ಮಾರಾಯ. ಮೂರು ಸಲವೂ ನೀನು ಫೋನ್ ನೋಡ್ತಿದ್ದೆ.”

ಸಾಗರ್ ಇನ್ಸ್‌ಪೆಕ್ಟರ್ ಕಡೆ ತಿರುಗಿದ. “ಇವತ್ತೇ ಮನೆಗೆ ಶಿಫ್ಟ್ ಮಾಡಬಹುದಾ? ನಾಳೆ ಕಾಂಟ್ರಾಕ್ಟರ್...”

“ಆಗಲ್ಲ. ಇದು ಈಗ ಕೇಸಿನ ಪುರಾವೆ. ಕೋರ್ಟ್ ತೀರ್ಮಾನ ಮಾಡೋವರೆಗೆ ನೀವು ಇದಕ್ಕೊಂದು ಮೊಳೆ ಹೊಡೆಯೋ ಹಾಗಿಲ್ಲ.”

ಉಗ್ಗಪ್ಪ ಮುಖವೆತ್ತಿದ. “ಕೇಸ್ ಎಷ್ಟು ದಿನ ನಡೀಬಹುದು ಮೇಡಂ?”

“ತಿಂಗಳುಗಟ್ಟಲೆ.”

“ನಿಧಾನಕ್ಕೆ ನಡೀಲಿ,” ಎಂದು ಅವನು ಹಾಯಾಗಿ ಉಸಿರುಬಿಟ್ಟ. ಅಕ್ಕು ಹಣೆ ಚಚ್ಚಿಕೊಂಡಳು, ಆಮೇಲೆ ಅವಳಿಗೂ ನಗು ಬಂತು. ತನ್ನ ಕೈಯಿಂದ ಬಂಧಿತನಾಗಿ ಇಷ್ಟು ನೆಮ್ಮದಿಯಾದವನನ್ನು ಯಶ್ಮಿತಾ ಇದೇ ಮೊದಲು ನೋಡಿದ್ದು, ಅವಳಿಗೆ ಅವನ ಮೇಲೆ ಪ್ರೀತಿಯೇ ಉಕ್ಕಿತು.

ಫೈಸಲ್ ಕಪಾಟಿಗೆ ಸೀಲ್ ಅಂಟಿಸಲೆಂದು ಸಾಗರ್‌ಗೆ ಪಕ್ಕಕ್ಕೆ ಸರಿಯಲು ಹೇಳಿದ. ಸಾಗರ್ ಸರಿಯಲಿಲ್ಲ. ಆಫೀಸಿನ ಪ್ಯಾಂಟಿನಲ್ಲೇ ಮಂಡಿಯೂರಿ, ಫೋನಿನ ಟಾರ್ಚ್ ಹಿಡಿದು, ಹೂಬುಟ್ಟಿಯ ಒಂದೊಂದೇ ಎಲೆಯನ್ನು ಕಣ್ಣು ಕಿರಿದು ಮಾಡಿ ನೋಡತೊಡಗಿದ್ದ.

“ಅಂಕಲ್, ನೀವು ಮಾಡಿದ್ದು ಯಾವುದು?”

ಬಾಗಿಲ ಬಳಿ ನಿಂತು ಬೂಟು ಹಾಕಿಕೊಳ್ಳುತ್ತಿದ್ದ ಉಗ್ಗಪ್ಪ ತಿರುಗಿಯೂ ನೋಡಲಿಲ್ಲ.

“ಹುಡುಕು,” ಎಂದ.