ಲಿವರ್ ತಿರುಗಿಸಿದ್ದು ಯಾರು?

ಮಧ್ಯಾಹ್ನದ ಊಟ ಮುಗಿಸಿ ಬಂದು ಕೂತು ಒಂದೆರಡು ತೋಳು ಹೊಲಿಯುವಷ್ಟರಲ್ಲಿ ಅವಳಿಗೆ ಗೊತ್ತಾಗಿಹೋಯಿತು. ಆ ಮೆಕ್ಯಾನಿಕ್ ಮತ್ತೆ ಲಿವರ್ ತಿರುಗಿಸಿದ್ದಾನೆ.

ಮಗುವಿನ ಅಂಗಿಯ ಅಂಚು ನೆಟ್ಟಗೆ ಮಲಗುವುದು ಬಿಟ್ಟು ಅಲೆ ಅಲೆಯಾಗಿ ಎದ್ದಿತ್ತು. ಬಗ್ಗಿ ನೋಡಿದಳು. ಮಷೀನಿನ ಪಕ್ಕದ ಪುಟ್ಟ ಲಿವರ್ ತನ್ನ ಗೆರೆ ಬಿಟ್ಟು ಕೆಳಗಿಳಿದಿತ್ತು. ಕೋಪ ಬರಬೇಕಿತ್ತು, ಬಂದದ್ದು ನಗು. ಆ ನಗುವನ್ನು ದಾರದ ಉಂಡೆಗಳ ಹಿಂದೆ ಮುಚ್ಚಿಟ್ಟು ಜೋರಾಗಿ ಕೂಗಿದಳು.

"ಚಿಕ್ಕಮ್ಮಾ, ಮೆಕ್ಯಾನಿಕ್ಕಿಗೆ ಫೋನ್ ಮಾಡು! ಮಷೀನಿನ ಹಲ್ಲು ಮತ್ತೆ ಕೈಕೊಡ್ತು!"

"ಹಲ್ಲು ಕೈಕೊಡ್ತಂತೆ!" ಗುಂಡಿ ಹಚ್ಚುತ್ತಿದ್ದ ಹೆಂಗಸು ಸೂಜಿ ಎತ್ತಿ ಹಿಡಿದು ನಕ್ಕಳು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಂಡಿಯಕ್ಕ ಎಂದು. "ಇಷ್ಟು ಮಷೀನಿದೆ ಇಲ್ಲಿ. ಕೆಡೋದು ಮಾತ್ರ ನಮ್ಮ ಗಡಿಬಿಡಿ ಕೂತಿರೋದೇ!"

ಗಡಿಬಿಡಿ ಎಂದರೆ ಅವಳೇ. ನಡೆಯುವ ಕಡೆ ಓಡುವವಳು, ಕುಡಿಯುವ ಬಿಸಿನೀರಿಗೂ ಆರುವ ಅವಕಾಶ ಕೊಡದವಳು. ಮಕ್ಕಳ ಉಡುಪು ಹೊಲಿಯುವ ಆ ಉದ್ದನೆಯ ಕೋಣೆ ಚಿಕ್ಕಮ್ಮನದು. ಅಲ್ಲಿನ ಅಂಚು ಹೊಲಿಯುವ ಓವರ್‌ಲಾಕ್ ಮಷೀನು ಇವಳ ಕಾಲಿನ ಕೆಳಗೆ ಓಡಿದಷ್ಟು ಬೇರೆ ಯಾರ ಕಾಲಿನ ಕೆಳಗೂ ಓಡುತ್ತಿರಲಿಲ್ಲ. "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಚಿಕ್ಕಮ್ಮ ಆಗಾಗ ಗೊಣಗುತ್ತಿದ್ದರೂ, ಹೊತ್ತಿಗೆ ಸರಿಯಾಗಿ ಮಾಲು ಕಳಿಸಬೇಕಾದಾಗ ಆ ಆತುರವೇ ಅವಳಿಗೆ ಆಧಾರ.

ಮೆಕ್ಯಾನಿಕ್ ಬಂದ. ಊಟದ ಹೊತ್ತಿನಲ್ಲಿ, ಕೋಣೆ ಖಾಲಿ ಇದ್ದಾಗ, ಮಷೀನುಗಳಿಗೆ ಎಣ್ಣೆ ಹಾಕಿ ಹೋದವನು ಪಕ್ಕದ ಬೀದಿಯಲ್ಲೇ ಇನ್ನೊಂದು ಕೆಲಸದಲ್ಲಿದ್ದ. ಯಾವತ್ತಿನಂತೆ ನಿಧಾನವಾಗಿ ಚಪ್ಪಲಿ ಬಿಟ್ಟ, ನಿಧಾನವಾಗಿ ಚೀಲ ಇಳಿಸಿದ, ನಿಧಾನವಾಗಿ ಕನ್ನಡಕ ಒರೆಸಿದ. ಅಷ್ಟರಲ್ಲಿ ಅವಳು ಕುರ್ಚಿಯ ಮೇಲೆ ಕೂತಲ್ಲೇ ಮೂರು ಸಲ ಹೊರಳಿದ್ದಳು.

"ಏನಾಯ್ತು?"

"ನಿಮಗೇ ಗೊತ್ತಿರಬೇಕು."

"ನನಗೆ ಹೇಗೆ ಗೊತ್ತಾಗುತ್ತೆ?"

"ಊಟದ ಹೊತ್ತಲ್ಲಿ ಇದರ ಹತ್ರ ಬಂದಿದ್ದು ನೀವು ತಾನೆ?"

"ಹೌದು. ಆಮೇಲೆ ಬಂದು ಕೂತಿದ್ದು ನೀವು ತಾನೆ?"

ಹೇಳುವಾಗ ಅವನ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಕಳ್ಳ, ಎಷ್ಟು ಚೆನ್ನಾಗಿ ನಟಿಸ್ತಾನೆ ಎಂದುಕೊಂಡಳು. ಅವಳ ಕಿವಿ ಬೆಚ್ಚಗಾಯಿತು.

ಸೂಜಿಯ ಕೆಳಗೆ, ತಟ್ಟೆಯ ಸೀಳಿನಲ್ಲಿ, ಎರಡು ಗುಂಪು ಉಕ್ಕಿನ ಹಲ್ಲುಗಳು. ಒಂದು ಮುಂದೆ, ಒಂದು ಹಿಂದೆ. ಬಟ್ಟೆಯನ್ನು ಮುಂದಕ್ಕೆ ಒಯ್ಯುವುದು ಅವುಗಳ ಕೆಲಸ. ಯಾವುದು ಎಷ್ಟು ಓಡಬೇಕು ಎಂದು ಹೇಳುವುದು ಆ ಲಿವರ್. ಎಳೆದರೆ ಹಿಗ್ಗುವ ಬನಿಯನ್ ಬಟ್ಟೆಗೆ ಮುಂದಿನ ಹಲ್ಲು ಒಂದಿಷ್ಟು ಹೆಚ್ಚೇ ಓಡಬೇಕು. ಇಲ್ಲದಿದ್ದರೆ ಅಂಚು ಹಿಗ್ಗಿ ಅಲೆ ಏಳುತ್ತದೆ.

ಅವನು ಹೊಲಿದ ತೋಳನ್ನು ಬೆಳಕಿಗೆ ಹಿಡಿದು, ಅಲೆಯ ಮೇಲೆ ಹೆಬ್ಬೆರಳು ಆಡಿಸಿದ. "ಮುಂದಿನ ಹಲ್ಲು ಕೊಡುತ್ತೆ, ಹಿಂದಿನ ಹಲ್ಲು ತಗೊಳ್ಳುತ್ತೆ. ಕೊಡೋ ಮೊದಲೇ ಎಳೆದ್ರೆ ಹೀಗಾಗುತ್ತೆ. ಆತುರ ಒಳ್ಳೇದಲ್ಲ."

"ಇದನ್ನ ಮಷೀನಿಗೆ ಹೇಳ್ತಿದೀರೋ, ನನಗೆ ಹೇಳ್ತಿದೀರೋ?"

"ಯಾರು ಕೇಳಿಸಿಕೊಳ್ತಾರೋ ಅವರಿಗೆ."

ಲಿವರ್ ಮೇಲೆ ಬೆರಳಿಟ್ಟು ಕೂದಲೆಳೆಯಷ್ಟು ಸರಿಸಿದ. "ಇಷ್ಟು ಸಾಕಾ?"

ಅವಳು ಒಂದು ಚೂರು ಬಟ್ಟೆ ಹೊಲಿದು ನೋಡಿದಳು. ಸಾಕಾಗಿತ್ತು. "ಇನ್ನೂ ಸ್ವಲ್ಪ" ಎಂದಳು.

"ಹೀಗೆ?"

"ಈಗ ಜಾಸ್ತಿ ಆಯ್ತು. ನೆರಿಗೆ ಬೀಳ್ತಿದೆ."

"ಹಾಗಾದ್ರೆ ಹೀಗೆ." ಅವನು ಬಗ್ಗಿದಾಗ ಕನ್ನಡಕ ಮೂಗಿನಿಂದ ಜಾರಿತು. ಎಣ್ಣೆಗೈಯಲ್ಲಿ ಮುಟ್ಟಲಾರದೆ ಮುಂಗೈಯಿಂದ ಹಿಂದಕ್ಕೆ ತಳ್ಳಿಕೊಂಡ. ಅದನ್ನು ನೋಡುತ್ತ ಅವಳು ಹೊಲಿಯುವುದನ್ನೇ ಮರೆತಳು. ಜಗತ್ತಿನ ಎಲ್ಲ ಕೆಲಸವೂ ನಿನ್ನೆಯೇ ಮುಗಿಯಬೇಕಿತ್ತು ಎನ್ನುವ ಅವಳಿಗೆ ಇದೊಂದು ಮಾತ್ರ ಎಷ್ಟು ಹೊತ್ತು ನಡೆದರೂ ಬೇಸರವಿರಲಿಲ್ಲ.

"ಹಲ್ಲು ಸರಿಹೋಯ್ತೋ, ಇಲ್ಲ ಕಿತ್ತೇ ಹಾಕಬೇಕೋ?" ಎಂದು ಗುಂಡಿಯಕ್ಕ ಆ ಕಡೆಯಿಂದ ಕೇಳಿದಳು. ಅವನು ಕೆಮ್ಮಿದ. ಇವಳು ಪೆಡಲ್ ಒತ್ತಿದಳು.

ತಿಂಗಳುಗಳಿಂದ ನಡೆದದ್ದು ಹೀಗೆಯೇ. ಲಿವರ್ ಇಳಿಯುತ್ತಿತ್ತು, ಅವಳು ಕರೆಯುತ್ತಿದ್ದಳು, ಅವನು ಬರುತ್ತಿದ್ದ. ತಾನೇ ಕೈಯಿಂದ ಸರಿಸಿಕೊಳ್ಳಬಹುದಾದ ಲಿವರಿಗೆ ಅವನನ್ನು ಯಾಕೆ ಕರೆಯಬೇಕು ಎಂದು ಅವಳು ತನ್ನನ್ನು ಕೇಳಿಕೊಳ್ಳುತ್ತಿರಲಿಲ್ಲ. ನನ್ನನ್ನು ನೋಡಲು ಒಬ್ಬ ಗಂಡಸು ಇಷ್ಟು ಕಷ್ಟಪಡುತ್ತಿರುವಾಗ ಅದನ್ನು ಕೆಡಿಸುವುದು ಯಾವ ನ್ಯಾಯ? ಮನೆಗೆ ಹೋಗುವ ದಾರಿಯಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಅವಳ ಹೆಜ್ಜೆ ಇನ್ನೂ ಜೋರಾಗುತ್ತಿತ್ತು.

ಆದರೆ ಅವನು ಯಾಕೆ ಬಾಯಿ ಬಿಡುತ್ತಿಲ್ಲ? ಲಿವರ್ ತಿರುಗಿಸುವ ಧೈರ್ಯ ಇದ್ದವನಿಗೆ ನಾಲ್ಕು ಮಾತು ಹೇಳುವ ಧೈರ್ಯ ಇಲ್ಲವೇ? ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಕಾದು ಕಾದು ಅವಳ ಉಗುರುಗಳೆಲ್ಲ ಹಲ್ಲಿಗೆ ಆಹಾರವಾಗಿದ್ದವು.

ಅದೊಂದು ದಿನ ದೊಡ್ಡ ಆರ್ಡರು ಬಂದಿತ್ತು. ಅವನು ಆಗಷ್ಟೇ ಲಿವರ್ ಸರಿಮಾಡಿ, ಪಕ್ಕದಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ.

"ಒಂದು ಸಲ ನಿಮ್ಮ ವೇಗದಲ್ಲೇ ಓಡಿಸಿ ನೋಡೋಣ" ಎಂದ.

ಅವಳಿಗೆ ಅಷ್ಟು ಸಾಕಾಗಿತ್ತು. ಪೆಡಲ್ ಪೂರ್ತಿ ತುಳಿದಳು. ಮಷೀನು ಗುಂಯ್ಯೆಂದು ಕೂಗಿತು, ಮೇಜು ಅದುರಿತು, ಬಟ್ಟೆ ಬೆರಳಡಿಯಿಂದ ಹಾರಿಹೋಯಿತು. ಒಂದು ತೋಳು, ಇನ್ನೊಂದು ತೋಳು, ಮತ್ತೊಂದು. ಅವನು ನೋಡುತ್ತಿದ್ದಾನೆ ಎಂಬ ಹುರುಪಿನಲ್ಲಿ ಅವಳ ಕಾಲು ನಿಲ್ಲಲೇ ಇಲ್ಲ.

ಆಗ ಲಿವರ್ ಅಲುಗಿತು.

ಅವಳ ಎರಡೂ ಕೈ ಬಟ್ಟೆಯ ಮೇಲಿದ್ದವು. ಅವನ ಎರಡೂ ಕೈ ಒರಸುಬಟ್ಟೆಯಲ್ಲಿದ್ದವು. ಇಬ್ಬರ ಕಣ್ಣೆದುರಿಗೇ ಲಿವರ್ ಒಂದಿಷ್ಟು ನಡುಗಿ, ಮೆಲ್ಲಗೆ, ತಾನಾಗಿಯೇ ಕೆಳಗೆ ಜಾರಿತು. ಅಂಚಿನಲ್ಲಿ ಅಲೆ ಎದ್ದಿತು.

ಅವಳು ಪೆಡಲಿನಿಂದ ಕಾಲು ತೆಗೆದಳು. ಇಬ್ಬರೂ ಲಿವರನ್ನೇ ನೋಡಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅವನು ಬಗ್ಗಿ ಪಕ್ಕದ ಮುಚ್ಚಳ ಬಿಚ್ಚಿದ. ತುಂಬ ಹೊತ್ತು ತಲೆ ಎತ್ತಲಿಲ್ಲ. ಕೊನೆಗೆ ಅಂಗೈಯಲ್ಲಿ ಒಂದು ಪುಟ್ಟ ಸ್ಕ್ರೂ ಹಿಡಿದು ತೋರಿಸಿದ. "ಸವೆದಿದೆ. ಜೋರಾಗಿ ಓಡಿಸಿದಾಗ ಬಿಗಿ ಬಿಡುತ್ತೆ. ಲಿವರ್ ಜಾರೋದು ಅದಕ್ಕೇ."

"ಅಂದ್ರೆ ಇಷ್ಟು ದಿನವೂ..."

"ಹೌದು. ಇದೇ."

ಅವನ ಮುಖ ಕೆಂಪಾಗಿತ್ತು. ಅವಳು ಯಾಕೆಂದು ವಿಚಾರಿಸುವ ಸ್ಥಿತಿಯಲ್ಲಿರಲಿಲ್ಲ. ಅವಳಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಯಾರೂ ಅವಳನ್ನು ನೋಡಲು ಲಿವರ್ ತಿರುಗಿಸಿರಲಿಲ್ಲ. ಒಬ್ಬ ಮೆಕ್ಯಾನಿಕ್ ಕರೆದಾಗ ಬಂದಿದ್ದ, ಕೆಲಸ ಮಾಡಿದ್ದ, ಹೋಗಿದ್ದ. ಮಿಕ್ಕಿದ್ದೆಲ್ಲ ಅವಳೇ ಹೊಲಿದುಕೊಂಡದ್ದು.

ಅವನು ಹೊಸ ಸ್ಕ್ರೂ ಹಾಕಿ, ಕೆಳಗೊಂದು ವಾಷರ್ ಕೊಟ್ಟು, ಬಿಗಿದು, ಮತ್ತೆ ಬಿಗಿದ. "ಇನ್ನು ಎಷ್ಟು ಜೋರಾಗಿ ಓಡಿಸಿದ್ರೂ ಅಲುಗಲ್ಲ. ಇದಕ್ಕೋಸ್ಕರ ನನ್ನ ಕರೀಬೇಕಾಗೂ ಇಲ್ಲ."

"ಒಳ್ಳೇದಾಯ್ತು ಬಿಡಿ" ಎಂದಳು. ಅದನ್ನೂ ಗಡಿಬಿಡಿಯಲ್ಲೇ ಹೇಳಿಬಿಟ್ಟಳು.

ಸ್ಕ್ರೂ ಅಲುಗಲಿಲ್ಲ. ಅಂಚುಗಳೆಲ್ಲ ಇಸ್ತ್ರಿ ಹಾಕಿದಂತೆ ನೆಟ್ಟಗೆ ಬಂದವು. ಚಿಕ್ಕಮ್ಮನಿಗೆ ಹಿಡಿಸಲಾರದಷ್ಟು ಸಂತೋಷ. "ನೋಡು, ಎಂಥ ಬಂಗಾರದಂಥ ಕೆಲಸ!" ಎಂದು ಬಂದವರಿಗೆಲ್ಲ ತೋರಿಸಿದಳು.

ಆ ಬಂಗಾರದಂಥ ಕೆಲಸವೇ ಇವಳ ಜೀವ ತಿನ್ನತೊಡಗಿತು. ಮೆಟ್ಟಿಲ ಮೇಲೆ ಸದ್ದಾದರೆ ಕತ್ತು ತಿರುಗುತ್ತಿತ್ತು. ಅವನು ಎಣ್ಣೆ ಹಾಕಲು ಬರುತ್ತಿದ್ದ, ನಿಜ. ಆದರೆ ಅವಳು ಊಟಕ್ಕೆ ಎದ್ದ ಮೇಲೆ ಬಂದು, ಮರಳುವ ಮೊದಲೇ ಮಾಯವಾಗುತ್ತಿದ್ದ. ಒಂದು ಮಧ್ಯಾಹ್ನ ಬೇಗ ಬೇಗ ತಿಂದು ಓಡಿಬಂದಳು. ಮಷೀನಿನ ಮೇಲೆ ಎಣ್ಣೆಯ ಹಸಿ ಮಾತ್ರ ಇತ್ತು.

ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಲತೋಳಿನ ಜಾಗಕ್ಕೆ ಎಡತೋಳು ಹೊಲಿದಳು. ಬಿಚ್ಚಿ ಮತ್ತೆ ಎಡತೋಳನ್ನೇ ಹೊಲಿದಳು.

ಒಮ್ಮೆ, ಕೋಣೆಯಲ್ಲಿ ಯಾರೂ ಇಲ್ಲದಾಗ, ಲಿವರಿನ ಮೇಲೆ ಬೆರಳಿಟ್ಟಳು. ಒಂದೇ ಒಂದು ತಳ್ಳು. ಫೋನ್ ಮಾಡಿದರೆ ಬಂದೇ ಬರುತ್ತಾನೆ. ಆದರೆ ಬಂದವನು ನೋಡುವುದು ಸ್ಕ್ರೂವನ್ನು. ಸ್ಕ್ರೂ ಬಿಗಿಯಾಗಿದೆ, ಲಿವರ್ ಮಾತ್ರ ಕೆಳಗಿದೆ ಎಂದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವನು ಮಾಡುತ್ತಿದ್ದಾನೆ ಎಂದುಕೊಂಡಾಗ ಎಷ್ಟು ಚೆಂದವಿದ್ದ ಕೆಲಸ ತಾನು ಮಾಡಹೊರಟಾಗ ಬರೀ ಕಳ್ಳತನವಾಗಿ ಕಂಡಿತು. ಬೆರಳು ತೆಗೆದಳು.

"ಏನೇ, ಆ ಮಷೀನಿಗೆ ಜ್ವರ ಬಂದಿದೆಯಾ, ಮುಟ್ಟಿ ಮುಟ್ಟಿ ನೋಡ್ತಿದೀಯಾ?" ಗುಂಡಿಯಕ್ಕ ಬಾಗಿಲಲ್ಲಿ ನಿಂತಿದ್ದಳು.

"ಇಲ್ಲಪ್ಪ, ನಾನೇನೂ ಮಾಡ್ಲಿಲ್ಲ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ." ಗುಂಡಿಯಕ್ಕ ಹತ್ತಿರ ಬಂದು ದನಿ ಇಳಿಸಿದಳು. "ಸುದ್ದಿ ಗೊತ್ತಾ? ನಿನ್ನ ಚಿಕ್ಕಮ್ಮನ ಹತ್ರ ಹೇಳಿ ಹೋಗಿದಾನೆ. ಮುಂದಿನ ವಾರದಿಂದ ಈ ಬೀದಿ ಕೆಲಸಕ್ಕೆ ಬೇರೆ ಯಾರೋ ಬರ್ತಾರಂತೆ. ಅವನು ಈ ಕಡೆ ಬರೋದೇ ಇಲ್ವಂತೆ."

"ಯಾಕಂತೆ?"

"ಅದನ್ನ ನನ್ನ ಕೇಳಿದ್ರೆ? ನಾನು ಗುಂಡಿ ಹಚ್ಚೋಳು ತಾಯಿ. ಬಿಚ್ಚಿ ನೋಡೋಳಲ್ಲ."

ಅವಳು ಅರ್ಧ ಹೊಲಿದ ಅಂಗಿಯನ್ನು ಸೂಜಿಯ ಕೆಳಗೇ ಬಿಟ್ಟು ಎದ್ದಳು. ಚಿಕ್ಕಮ್ಮ "ಎಲ್ಲಿಗೇ?" ಎಂದು ಕೇಳಿದ್ದು ಕೇಳಿಸಿತು. ಉತ್ತರ ಕೊಡಬೇಕಿತ್ತೆಂದು ನೆನಪಾದದ್ದು ಬೀದಿಯ ತಿರುವು ದಾಟಿದ ಮೇಲೆ.

ಅವನ ವರ್ಕ್‌ಶಾಪಿಗೆ ಅವಳು ಯಾವತ್ತೂ ಹೋಗಿರಲಿಲ್ಲ. ಅರ್ಧ ಎತ್ತಿದ ಶಟರ್, ಒಳಗೆ ಸೀಮೆಎಣ್ಣೆಯ ವಾಸನೆ, ಬೆಂಚಿನ ಮೇಲೆ ಹೊಟ್ಟೆ ತೋರಿಸಿಕೊಂಡು ಮಲಗಿದ ಮಷೀನುಗಳು. ಅವನು ಬ್ರಶ್ಶಿನಿಂದ ಒಂದು ಹಲ್ಲುಪಟ್ಟಿಯ ಸಂದಿಯಲ್ಲಿ ಸಿಕ್ಕಿದ್ದ ನೂಲಿನ ಧೂಳು ತೆಗೆಯುತ್ತಿದ್ದ. ಅವಳನ್ನು ಕಂಡು ಬ್ರಶ್ಶು ಹಾಗೆಯೇ ನಿಂತಿತು.

"ಸ್ಕ್ರೂ ಬಿಟ್ಕೊಂಡ್ತಾ?"

"ಇಲ್ಲ."

"ಮತ್ತೆ ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ." ಅವಳಿಗೆ ಏದುಸಿರು. "ನಮ್ಮ ಬೀದಿ ಬಿಡ್ತೀರಂತೆ. ಯಾಕೆ?"

ಅವನು ಬ್ರಶ್ಶು ಕೆಳಗಿಟ್ಟ. ಅದನ್ನು ನೆಟ್ಟಗೆ ಮಾಡಿದ. ಮತ್ತೆ ಓರೆ ಮಾಡಿದ. ಬೇಗ ಹೇಳಬಾರದಾ ಎಂದು ಅವಳು ಆ ಕಾಲಿಂದ ಈ ಕಾಲಿಗೆ ಭಾರ ಬದಲಿಸುತ್ತಿದ್ದಳು.

"ಸವೆದ ಸ್ಕ್ರೂ ಕಂಡುಹಿಡಿಯೋಕೆ ಮೆಕ್ಯಾನಿಕ್ಕಿಗೆ ಎಷ್ಟು ಹೊತ್ತು ಬೇಕು? ಒಂದು ಸಲ ಲಿವರ್ ಅಲುಗಿಸಿ ನೋಡಿದ್ರೆ ಸಾಕು. ಯಾವ ಮಷೀನಿಗಾದ್ರೂ ನಾನು ಮೊದಲು ಮಾಡೋದೇ ಅದು. ನಿಮ್ಮದಕ್ಕೆ ಮಾತ್ರ ಮಾಡ್ಲಿಲ್ಲ."

"ಯಾಕೆ?"

"ನೀವೇ ತಿರುಗಿಸ್ತಿದೀರಿ ಅಂದ್ಕೊಂಡಿದ್ದೆ." ನೆಲ ನೋಡುತ್ತ ಹೇಳಿದ. "ನನ್ನ ಕರೆಸೋಕೆ. ಆವತ್ತು ಅದು ತಾನಾಗೇ ಜಾರಿದ್ದು ನೋಡಿ... ನೀವು ಕೆಲಸಕ್ಕೆ ಕರೆದ್ರೆ ನಾನು ಏನೇನೋ ಅಂದ್ಕೊಂಡು ಬರ್ತಿದ್ದೆ. ಆ ಮುಖ ಇಟ್ಕೊಂಡು ನಿಮ್ಮೆದುರು ಹೇಗೆ ನಿಲ್ಲಲಿ?"

ಅವಳು ಬೆಂಚಿನ ಅಂಚು ಹಿಡಿದುಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ನಗಬೇಡಿ" ಎಂದ, ನೊಂದುಕೊಂಡು.

"ನೀವು ತಿರುಗಿಸ್ತಿದೀರಿ ಅಂದ್ಕೊಂಡಿದ್ದೆ ನಾನು! ನಾನು ಕರೀಲಿ ಅಂತ, ಊಟದ ಹೊತ್ತಲ್ಲಿ ಕದ್ದು ಬಂದು!"

ಅವನು ತಲೆ ಎತ್ತಿದ. ಕನ್ನಡಕ ಜಾರಿತು. ಹಿಂದಕ್ಕೆ ತಳ್ಳಿಕೊಳ್ಳಲಿಲ್ಲ. "ಹಾಗೆ ಅಂದ್ಕೊಂಡಾಗ... ಬೇಜಾರಾಗಿತ್ತಾ?"

"ಬೇಜಾರಾಗಿದ್ರೆ ಲಿವರಿಗೆ ಒಂದು ಚೂರು ಟೇಪ್ ಅಂಟಿಸೋಕೆ ಬರ್ತಿರಲಿಲ್ವಾ ನನಗೆ?"

ಆಗ ಅವನೂ ನಕ್ಕ. ಇಬ್ಬರೂ ನಕ್ಕರು. ಇಷ್ಟು ದಿನ ಅವನನ್ನು ಅವಳು ಕರೆದಿರಲಿಲ್ಲ, ಅವಳನ್ನು ಅವನು ಕರೆದಿರಲಿಲ್ಲ. ಕರೆದದ್ದೆಲ್ಲ ಒಂದು ಸವೆದ ಸ್ಕ್ರೂ. ಈಗ ಅದೂ ಇಲ್ಲ. ಯಾರಾದರೊಬ್ಬರು ಬಾಯಿಬಿಟ್ಟು ಕರೆಯಲೇಬೇಕಿತ್ತು, ಮತ್ತು ಈ ಮಹಾರಾಯ ಬಾಯಿಬಿಡುವುದರೊಳಗೆ ವರ್ಷ ಕಳೆಯುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನೀವು ಬರದೆ ನನಗೆ ಕೆಲಸ ಮಾಡೋಕಾಗ್ತಿಲ್ಲ" ಎಂದಳು. ದನಿ ನಡುಗಿತು. ನಡುಗಲಿ ಎಂದು ಬಿಟ್ಟಳು. "ಎಡತೋಳಿನ ಅಂಗಿ ಹೊಲೀತಿದೀನಿ, ಎರಡೂ ಕಡೆ. ನಾಳೆ ಬನ್ನಿ. ಮಷೀನು ಚೆನ್ನಾಗಿದೆ, ಲಿವರ್ ಚೆನ್ನಾಗಿದೆ, ಅಲ್ಲಿ ನಿಮಗೆ ಯಾವ ಕೆಲಸವೂ ಇಲ್ಲ. ಆದ್ರೂ ಬನ್ನಿ. ನನ್ನ ನೋಡೋಕೆ ಬನ್ನಿ."

ಅವನು ಎದ್ದ. ಒರಸುಬಟ್ಟೆ ಹುಡುಕಿದ, ಸಿಗಲಿಲ್ಲ, ಕೈಗಳನ್ನು ಪ್ಯಾಂಟಿಗೇ ಉಜ್ಜಿಕೊಂಡ. ಬಿಚ್ಚಿಟ್ಟ ಮಷೀನು ಬೆಂಚಿನ ಮೇಲೆ ಹಾಗೆಯೇ ಇತ್ತು. ಅವಳನ್ನು ದಾಟಿ ಹೊರಗೆ ಹೋಗಿ, ಶಟರ್ ಇಳಿಸಲು ಹಿಡಿಕೆಗೆ ಕೈ ಹಾಕಿ, ಅವಳೂ ಹೊರಗೆ ಬರಲೆಂದು ನಿಂತ.

"ನಾಳೆ ಯಾಕೆ?" ಎಂದ.