ಹೆಸರು ಹೇಳಲಾರದ ಎಡಿಟರ್

"ನನ್ನ ಕ್ಯಾಪ್ಟನ್ ನಿಮಗೆ ಏನು ಮಾಡಿದ್ದಾನೆ ಮಾರಾಯ್ರೆ? ಪುಟಪುಟಕ್ಕೂ ಅವನ ತಲೆ ಕತ್ತರಿಸಿದ್ದೀರಲ್ಲ!"

ಧನರಾಜ್ ಲ್ಯಾಪ್‌ಟಾಪನ್ನು ನಮಿತಾಳ ಕಡೆ ತಿರುಗಿಸಿದ. ನಗುತ್ತಲೇ ಕೇಳಿದ್ದ, ಆದರೆ ಕಣ್ಣಿನಲ್ಲಿ ನಗು ಅಷ್ಟಾಗಿ ಇರಲಿಲ್ಲ. ಇವತ್ತು ಕೊನೆಯ ಭೇಟಿ. ನಾಳೆ ಪುಸ್ತಕ ಪ್ರೆಸ್ಸಿಗೆ ಹೋದ ಮೇಲೆ ಸಾಂತಾಕ್ರೂಜಿನ ಈ ಹೋಟೆಲಿನ ಮಹಡಿ ಹತ್ತಲು ಅವಳಿಗೆ ಯಾವ ನೆವವೂ ಉಳಿಯುವುದಿಲ್ಲ.

ಅವಳು ಪರೇಲಿನ ಒಂದು ಪ್ರಕಾಶನದಲ್ಲಿ ಕಾಪಿ ಎಡಿಟರ್. ಅವನು ಸೋದರಮಾವನ ಹೋಟೆಲಿನ ಮ್ಯಾನೇಜರ್; ಬಿಡುವಿನಲ್ಲಿ ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದುಬಿಟ್ಟಿದ್ದ. ಅದರ ನಾಯಕ ಇಂಥದ್ದೇ ಒಂದು ಹೋಟೆಲಿನಲ್ಲಿ ಆರ್ಡರ್ ತೆಗೆದುಕೊಳ್ಳುವ ಕ್ಯಾಪ್ಟನ್. ಊಟದ ಗಿರಾಕಿಗಳು ಎದ್ದುಹೋಗಿ ಸಂಜೆಯ ಚಹಾದವರು ಬರುವ ಮುಂಚೆ, ಮೇಲಿನ ಎ.ಸಿ. ರೂಮಿನಲ್ಲಿ ಕೂತು ಇಬ್ಬರೂ ತಿದ್ದುಪಡಿ ನೋಡುತ್ತಿದ್ದರು. ಇದನ್ನೆಲ್ಲ ಮೇಲ್‌ನಲ್ಲೇ ಮುಗಿಸಬಹುದಿತ್ತು. ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

"ತಲೆ ಕತ್ತರಿಸಿಲ್ಲ, ಕ್ಯಾಪಿಟಲ್ ಅಕ್ಷರ ತೆಗೆದಿದ್ದೇನೆ ಅಷ್ಟೆ," ಎಂದಳು ನಮಿತಾ. "'ಕ್ಯಾಪ್ಟನ್, ಎರಡು ಚಾ' ಅಂತ ಯಾರಾದ್ರೂ ಕರೆದ್ರೆ ಅದು ಹೆಸರಿನ ಜಾಗದಲ್ಲಿ ಬಂದದ್ದು. ಅಲ್ಲಿ ಕ್ಯಾಪಿಟಲ್ ಉಂಟು. 'ನಮ್ಮ ಕ್ಯಾಪ್ಟನ್', 'ಆ ಕ್ಯಾಪ್ಟನ್' ಅಂದ್ರೆ ಬರೀ ಕೆಲಸ. ಅಲ್ಲಿ ಸ್ಮಾಲ್."

"ಅಂದ್ರೆ ಎದುರಿಗೆ ಕರೆಯುವಾಗ ದೊಡ್ಡವ, ಬೆನ್ನ ಹಿಂದೆ ಸಣ್ಣವ."

"ನಿಮ್ಮ ಹೋಟೆಲಲ್ಲೂ ಹಾಗೇ ಅಲ್ವಾ?"

ಅವನು ನಕ್ಕ. ಅವನು ನಕ್ಕಾಗ ಮೊದಲು ಎಡಗೆನ್ನೆ ಏಳುತ್ತದೆ, ಬಲಗೆನ್ನೆ ಸ್ವಲ್ಪ ಯೋಚಿಸಿ ಒಪ್ಪಿಕೊಳ್ಳುತ್ತದೆ. ನಮಿತಾ ಅದನ್ನು ನೋಡಿಯೂ ನೋಡದವಳಂತೆ ಸ್ಕ್ರೀನಿಗೆ ಕಣ್ಣು ಇಳಿಸಿದಳು.

"ಹಾಗಾದ್ರೆ ನಂದೊಂದು ಡೌಟ್," ಎಂದ ಅವನು. "ಎಲ್ಲಾ ಮೇಲ್‌ನಲ್ಲೂ ನೀವು 'ಆಥರ್' ಅಂತ ಬರೀತೀರಿ. ಕೆಳಗೆ ಬಂದು ವೇಟರ್ ಹತ್ರ 'ಲೇಖಕರು ಇದ್ದಾರಾ' ಅಂತ ಕೇಳ್ತೀರಿ. ಫೋನಲ್ಲಿ 'ಹಲೋ ಸರ್'. ನನಗೂ ಒಂದು ಹೆಸರುಂಟು. ಒಮ್ಮೆಯಾದ್ರೂ ಹೇಳಿದ್ದೀರಾ?"

ಇಲ್ಲ, ಒಮ್ಮೆಯೂ ಹೇಳಿರಲಿಲ್ಲ.

ಮೊದಮೊದಲು ಅದು ಆಫೀಸಿನ ರೂಢಿ ಮಾತ್ರ. ಬರಬರುತ್ತಾ ಆ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತುಬಿಡತೊಡಗಿತು. ಬೊರಿವಲಿಯ ಮನೆಯಲ್ಲಿ ಅವಳ ಅಮ್ಮ ಶೀಲಾವತಿ ಇವತ್ತಿಗೂ ಗಂಡನ ಹೆಸರು ಹೇಳುವವಳಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಮಗಳ ಮುಖ ನೋಡುತ್ತಾಳೆ. ಮಗಳು 'ಚೆನ್ನಯ' ಎನ್ನಬೇಕು. ಅದಕ್ಕಾಗಿ ಅಮ್ಮನನ್ನು ಗೇಲಿ ಮಾಡುತ್ತಲೇ ಬೆಳೆದವಳು ನಮಿತಾ. ಎಂ.ಎ. ಮಾಡಿಕೊಂಡ ತನಗೂ ಅದೇ ಗತಿ ಬಂದಿದೆ ಎಂದು ಒಂದು ದಿನ ಚರ್ಚ್‌ಗೇಟ್ ಲೋಕಲ್‌ನ ನೂಕುನುಗ್ಗಲಿನಲ್ಲಿ ಹೊಳೆದಾಗ ಅವಳು ಹೆದರಿಹೋಗಿದ್ದಳು. ಇದನ್ನು ಅವನೆದುರು ಯಾವ ಬಾಯಲ್ಲಿ ಹೇಳುವುದು?

"ಕೆಲಸದ ವಿಷಯದಲ್ಲಿ... ಹಾಗೆಲ್ಲ ಹೆಸರು ಹಿಡಿದು..." ಎಂದು ತಡವರಿಸಿದಳು.

"ಕೆಲಸ. ಹೌದು." ಅವನು ಲ್ಯಾಪ್‌ಟಾಪ್ ಮುಚ್ಚಿದ. "ಅದೂ ಇವತ್ತಿಗೆ ಮುಗೀತಲ್ಲ. ಮಾವ ಒಂದು ಸಂಬಂಧ ನೋಡಿದ್ದಾರೆ, ಮುಲ್ಕಿಯ ಹುಡುಗಿ. ಭಾನುವಾರ ಬರ್ತೇವೆ ಅಂತ ಇವತ್ತು ಸಂಜೆ ಫೋನ್ ಮಾಡ್ಲಿಕ್ಕುಂಟು."

ಹೇಳಿ ಅವಳನ್ನೇ ನೋಡಿದ. ಏನಾದರೂ ಹೇಳಲಿ ಎಂದು ಕಾಯುತ್ತಿದ್ದಾನೆ ಎಂಬುದು ಅವಳಿಗೂ ಗೊತ್ತಾಯಿತು. ಗೊತ್ತಾದದ್ದರಿಂದಲೇ ಇನ್ನಷ್ಟು ಗಾಬರಿಯಾಯಿತು.

"ಒಳ್ಳೇದಾಯ್ತು," ಎಂದುಬಿಟ್ಟಳು.

ಜಗತ್ತಿನಲ್ಲಿ ಅಷ್ಟೊಂದು ಮಾತುಗಳಿರುವಾಗ ಅವಳ ಬಾಯಿಗೆ ಬಂದದ್ದು ಅದು! ಬ್ಯಾಗ್ ಎತ್ತಿಕೊಂಡು ಮೆಟ್ಟಿಲಿಳಿದಳು. ಕೆಳಗೆ ಗಲ್ಲಾದಲ್ಲಿ ಕೂತಿದ್ದ ಮಾವ, "ಏನು ಎಡಿಟರ್ ಮೇಡಂ, ಮುಗೀತಾ?" ಎಂದರು. ಅವಳು ತಲೆಯಾಡಿಸಿ ಹೊರಬಿದ್ದಳು.

ಸ್ಟೇಷನ್ನಿನ ಸೇತುವೆ ಹತ್ತುವಾಗ ಅಮ್ಮನ ಫೋನ್ ಬಂತು.

"ಎಲ್ಲಿದ್ದಿ? ಲೇಖಕರ ಕೆಲ್ಸ ಆಯ್ತಾ?"

"ಆಯ್ತು." ಅಷ್ಟಕ್ಕೇ ಅವಳಿಗೆ ಅಳು ಬಂತು. "ಅಮ್ಮಾ, ಅವರು ಹೆಣ್ಣು ನೋಡ್ಲಿಕ್ಕೆ ಹೋಗ್ತಾರಂತೆ."

ಆಚೆ ಕುಕ್ಕರ್ ಕೂಗಿತು. ಅಮ್ಮ ಗ್ಯಾಸ್ ಆರಿಸಿದ ಸದ್ದು ಕೇಳಿಸಿತು.

"ಇಷ್ಟು ಸಮಯದಿಂದ ಆ ಮನುಷ್ಯನ ಹೆಸರು ನಿನ್ನ ಬಾಯಿಂದ ಬರ್ಲಿಲ್ಲ. ನಾನೇನು ಪೆದ್ದಿಯಾ, ಗೊತ್ತಾಗದೆ ಇರ್ಲಿಕ್ಕೆ?"

"ಈಗ ನಾನೇನು ಮಾಡ್ಲಿ?"

"ನೋಡು, ನಾನು ಹೆಸರು ಹೇಳದೆ ಇರುವುದು ಮದುವೆ ಆದ ಮೇಲೆ. ನೀನು ಮೊದಲೇ ಬಾಯಿಗೆ ಬೀಗ ಹಾಕಿದ್ರೆ ಅವರಿಗೇನು ಕನಸು ಬೀಳ್ತದಾ? ಹೋಗು, ಹೇಳಿ ಬಾ. ಆಯ್ತಾದ್ರೆ ಆಯ್ತು, ಇಲ್ಲಾಂದ್ರೆ ಮನೆಗೆ ಬಾ, ಅನ್ನ ಆಗಿದೆ."

ನಮಿತಾ ಜನರ ಎದುರುದಿಕ್ಕಿಗೆ ಸೇತುವೆ ಇಳಿದಳು. ಭುಜಕ್ಕೆ ಭುಜ ತಾಗಿ ಯಾರೋ ಮರಾಠಿಯಲ್ಲಿ ಬೈದರು. ಫೋನ್ ಮಾಡಿ ಆಗಿದ್ದರೆ? ಒಪ್ಪಿಕೊಂಡುಬಿಟ್ಟಿದ್ದರೆ? ನಡೆಯುವುದು ಬಿಟ್ಟು ಅವಳು ಓಡಿದಳು.

ಹೋಟೆಲ್ ಆಗಲೇ ತುಂಬಿತ್ತು. ಗಲ್ಲಾದಲ್ಲಿ ಮಾವ ಫೋನನ್ನು ಕಿವಿಗಿಟ್ಟುಕೊಂಡು ಆ ಕಡೆಯವರು ಎತ್ತಲೆಂದು ಕಾಯುತ್ತಿದ್ದರು. ಪಕ್ಕದಲ್ಲಿ ಅವನು ನಿಂತಿದ್ದ.

"ಧನರಾಜ್!"

ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು. ವಡೆ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವಳು ಗಲ್ಲಾದವರೆಗೆ ಬಂದಳು.

"ಮುಲ್ಕಿಗೆ ಹೋಗ್ಬೇಡಿ. ಒಳ್ಳೇದಾಯ್ತು ಅಂದದ್ದು ಸುಳ್ಳು. ನನಗೆ ನೀವು ಬೇಕು."

ಅಷ್ಟು ದಪ್ಪ ಪುಸ್ತಕ ಬರೆದವನಿಗೆ ಉತ್ತರಕ್ಕೆ ಒಂದು ವಾಕ್ಯ ಹೊಂದಿಸಲು ಬಹಳ ಹೊತ್ತು ಹಿಡಿಯಿತು. "ಮಾವ, ಫೋನ್ ಇಡಿ," ಎಂದ ಕೊನೆಗೆ. "ನನಗೂ ಇವರೇ ಬೇಕು."

ಮಾವ ಫೋನ್ ಇಟ್ಟರು. ಕನ್ನಡಕ ತೆಗೆದು ಇಬ್ಬರನ್ನೂ ಸರದಿಯಂತೆ ನೋಡಿದರು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

"ಅದೆಲ್ಲ ಸರಿ. ನಿಮ್ಮ ಬರಿ ಯಾವುದು?"

ಧನರಾಜನ ಮುಖದ ಬಣ್ಣ ಇಳಿಯಿತು. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಬಳಿ, ಗೋತ್ರವಿದ್ದ ಹಾಗೆ. ಒಂದೇ ಬರಿಯವರು ಅಣ್ಣ-ತಂಗಿಯರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ಮುಂಬಯಿಯಲ್ಲಿ ಹೆಚ್ಚಿನವರು ಅಪ್ಪನ ಅಡ್ಡಹೆಸರು ಹಾಕಿಕೊಳ್ಳುವುದರಿಂದ ಹೆಸರು ನೋಡಿ ತಿಳಿಯುವಂತೆಯೂ ಇಲ್ಲ. ಇದೊಂದು ಪ್ರಶ್ನೆ ಇದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಅವಳ ಬಾಯನ್ನೇ ನೋಡುತ್ತಾ ನಿಂತ.

"ಅಮ್ಮನದ್ದು ಬಂಗೇರ," ಎಂದಳು ನಮಿತಾ, ಒಂದೇ ಉಸಿರಿಗೆ. "ನಿಮ್ಮದು ಅಮೀನ್. ಆಗ್ತದೆ."

"ನಮ್ಮದು ನಿಮಗೆ ಹೇಗೆ ಗೊತ್ತು?" ಮಾವ ಹುಬ್ಬೇರಿಸಿದರು.

ಅವಳ ಕಿವಿಗಳು ಕೆಂಪಾದವು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಎರಡನೇ ಚಾಪ್ಟರ್ ತಿದ್ದುವಾಗಲೇ ವಿಚಾರಿಸಿ ಇಟ್ಟಿದ್ದೆ," ಎಂದಳು.