ಮೂವತ್ತೊಂದು ಪರ್ಸೆಂಟ್

ಅಸ್ಫಿಯಾ ಅವನ ಮುಖ ಸರಿಯಾಗಿ ನೋಡುವ ಮೊದಲೇ ಅವನ ಹೃದಯ ನೋಡಿದ್ದಳು.

ಶಿರಸಿಯ ಆಸ್ಪತ್ರೆಯೊಂದರಲ್ಲಿ ಹೃದಯದ ಸ್ಕ್ಯಾನ್ ಮಾಡುವ ಎಕೋ ಕೋಣೆ. ಅವಳು ಅಲ್ಲಿಯ ಟೆಕ್ನಿಷಿಯನ್. ಎಡಮಗ್ಗುಲಿಗೆ ಮಲಗಿದ್ದವನು ಯಲ್ಲಾಪುರದ ಟೆಂಪೋ ಡ್ರೈವರ್ ಮುಬೀನ್. ಪರದೆಯ ಮೇಲೆ ಅವನ ಹೃದಯ ಊದಿಕೊಂಡು, ಸೋತು ಸೋತು ಬಡಿಯುತ್ತಿತ್ತು. ಪ್ರತಿ ಬಡಿತಕ್ಕೆ ಐವತ್ತೈದು ಪರ್ಸೆಂಟ್ ರಕ್ತವನ್ನಾದರೂ ಹೊರಗೆ ತಳ್ಳಬೇಕಾದದ್ದು, ಮೂವತ್ತನ್ನಷ್ಟೇ ತಳ್ಳುತ್ತಿತ್ತು. ವಯಸ್ಸು ಬರೀ ಮೂವತ್ತೆರಡು!

“ಎಂತ ಮೇಡಂ, ನಡೀತಾ ಇದ್ಯಾ?”

“ನಡೀತಿದೆ. ಉಸಿರು ಹಿಡ್ಕೊಳ್ಳಿ.”

ಅವನ ಜೊತೆ ಅವಳೂ ಉಸಿರು ಹಿಡಿದಳು.

ಅಲ್ಲಿಂದ ಶುರುವಾಯಿತು. ಮೂರು ತಿಂಗಳಿಗೊಮ್ಮೆ ಎಕೋ, ದಿನಕ್ಕೊಮ್ಮೆ ಫೋನು. ‘ಮಾತ್ರೆ ತಗೊಂಡ್ರಾ’ ಎಂಬಲ್ಲಿಂದ ಹೊರಟ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಮದುವೆಯ ಹತ್ತಿರ ಬಂದರೆ ಮಾತ್ರ ಅವನು ತಡೆದುಬಿಡುತ್ತಿದ್ದ.

“ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದ ಗಾಡೀಲಿ ಜನ ಹತ್ತಿಸಬಾರದು, ಅಸ್ಫಿಯಾ.”

ಆಮೇಲೆ ಅವನು ದೂರದ ದೊಡ್ಡ ಆಸ್ಪತ್ರೆಯೊಂದರ ಸ್ಟೆಮ್ ಸೆಲ್ ಪ್ರಯೋಗಕ್ಕೆ ಸೇರಿದ. ಸೊಂಟದ ಮೂಳೆಯ ಮಜ್ಜೆಯಿಂದ ಜೀವಕೋಶ ತೆಗೆದು ಹೃದಯದೊಳಗೆ ಬಿಡುವ ಚಿಕಿತ್ಸೆ ಅದು. ಆದರೆ ಸೇರಿದವರಲ್ಲಿ ಅರ್ಧ ಜನರಿಗಷ್ಟೇ ಕೋಶ, ಉಳಿದವರಿಗೆ ಬರೀ ಸಲೈನ್ ನೀರು. ಯಾರಿಗೆ ಯಾವುದೆಂದು ವರ್ಷ ಮುಗಿಯುವವರೆಗೆ ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ.

ಅಲ್ಲಿಯ ಎಕೋ ಫಲಿತಾಂಶವನ್ನೂ ಹೇಳುತ್ತಿರಲಿಲ್ಲ. ಆರನೇ ತಿಂಗಳಿಗೆ ತಡೆಯಲಾರದೆ ಮುಬೀನ್ ಶಿರಸಿಗೆ ಬಂದ.

“ನೀನೇ ನೋಡು. ನಂಬರ್ ಏರಿದ್ರೆ ಈ ವಾರವೇ ನಮ್ಮಮ್ಮಿ ಮದುವೆ ಮಾತಿಗೆ ನಿಮ್ಮನೆಗೆ ಬರ್ತಾಳೆ.”

ಅಸ್ಫಿಯಾ ಮೂರು ಸಲ ಅಳೆದಳು. ಮೂರು ಸಲವೂ ಮೂವತ್ತೊಂದು.

‘ನಲವತ್ತೈದು ಅಂದುಬಿಡಲಾ? ಒಂದೇ ಸುಳ್ಳು... ನಿಕಾ ಆಗುತ್ತೆ.’

ಆದರೆ ಅದೇ ಸುಳ್ಳು ನಂಬಿ ಅವನು ಮಾತ್ರೆ ಬಿಡುತ್ತಾನೆ, ಡಾಕ್ಟರು ಬೇಡವೆಂದ ಸ್ಟೇರಿಂಗನ್ನು ಅರಬೈಲ್ ಘಟ್ಟದಲ್ಲಿ ಮತ್ತೆ ಹಿಡಿಯುತ್ತಾನೆ. ಅವಳು ಪರದೆಯಿಂದ ಅವನತ್ತ ತಿರುಗಿದಳು.

“ಮೂವತ್ತೊಂದು.”

“ಹಂಗಾರೆ ನಂಗೆ ಹಾಕಿದ್ದು ನೀರು.”

“ಹಾಗಂತ ಹೇಳೋಕಾಗಲ್ಲ. ಕೋಶ ಸಿಕ್ಕಿದವರಿಗೂ ಏರದೇ ಇರಬಹುದು. ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ...”

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವಳ ಮುಖ ನೋಡಿದ. ಕಲ್ಲಿನಂತಿತ್ತು. ಅಳು ತಡೆದ ಮುಖ ಹಾಗೇ ಕಾಣುತ್ತದೆಂದು ಆ ಪುಣ್ಯಾತ್ಮನಿಗೆ ಯಾರು ಹೇಳಬೇಕು? ‘ಇವಳಿಗೂ ಸಾಕಾಯ್ತು’ ಅಂದುಕೊಂಡು ಹೊರಟುಹೋದ. ಆಮೇಲೆ ಫೋನ್ ಎತ್ತಲಿಲ್ಲ.

ಅವರಲ್ಲಿ ಪೈಗಾಮ್, ಅಂದರೆ ಮದುವೆಯ ಮಾತು, ಗಂಡಿನ ಮನೆಯಿಂದಲೇ ಬರಬೇಕು. ಹೆಣ್ಣಿನವರು ಮೊದಲು ಹೋದರೆ ಜನ ಆಡಿಕೊಳ್ಳುತ್ತಾರೆ. ಇಪ್ಪತ್ತು ದಿನ ಮಗಳು ಸರಿಯಾಗಿ ಊಟ ಮಾಡದ್ದನ್ನು ನೋಡಿದ ತಾಯಿ ರಹಿಮತ್‌ಬಿ ಒಂದು ಬೆಳಿಗ್ಗೆ ಬುರ್ಖಾ ತೊಟ್ಟು ನಿಂತಳು.

“ಆಡ್ಕೊಳ್ಳಲಿ. ನಡಿ ಯಲ್ಲಾಪುರಕ್ಕೆ.”

ಮುಬೀನ್ ಮನೆಯೆದುರಿನ ಕಟ್ಟೆಯ ಮೇಲೆ ಕೂತಿದ್ದ. ರಹಿಮತ್‌ಬಿ ಅವನ ತಾಯಿಯೊಡನೆ ಮಾತಾಡಲು ಸೀದಾ ಒಳಗೆ ನಡೆದಳು. ಅಸ್ಫಿಯಾ ಅವನಿಂದ ಒಂದು ಮಾರು ದೂರ ಕೂತಳು.

“ಪಾಪ ಅಂತ ಬಂದ್ಯಾ?” ಅಂದ.

“ಪಾಪ ಅನ್ನಿಸಿದ್ದಿದ್ರೆ ಆವತ್ತು ಸುಳ್ಳು ಹೇಳ್ತಿದ್ದೆ.”

ಅವನು ರಸ್ತೆಯತ್ತ ಮುಖ ತಿರುಗಿಸಿದ.

“ವರ್ಷ ಮುಗೀಲಿ. ಹಾಕಿದ್ದೆಂತ ಅಂತ ಹೇಳ್ತಾರೆ. ಆಮೇಲೆ ನೋಡಣ.”

“ನೀರು ಅಂದ್ರೆ?”

“ನಿನ್ನ ಬಾಳು ಹಾಳು ಮಾಡ್ಲಾ? ನಾಳೆ ನಾನು ಹೋಗ್ಬಿಟ್ರೆ?”

“ಅಳ್ತೇನೆ.” ಧ್ವನಿ ಗಟ್ಟಿಯಾಗಿತ್ತು, ಕಣ್ಣು ತುಂಬಿತ್ತು. “ಮದುವೆ ಆಗಿದ್ರೂ ಅಳ್ತೇನೆ, ಆಗದಿದ್ರೂ ಅಳ್ತೇನೆ. ಆಗದಿದ್ರೆ ಈ ಮನೆಯೊಳಗೆ ಕೂತು ಅಳೋಕೆ ನಂಗೆ ಯಾರೂ ಜಾಗ ಕೊಡಲ್ಲ. ಅಷ್ಟೇ ವ್ಯತ್ಯಾಸ.”

ಮುಬೀನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ಅಸ್ಫಿಯಾ ಹತ್ತಿರ ಸರಿದು ಕೂತಳು.

“ಎಷ್ಟು ದಿನ ಕೊಡೋಕಾಗುತ್ತೋ ಗೊತ್ತಿಲ್ಲ ಅಸ್ಫಿಯಾ...”

“ಎಷ್ಟಿದ್ಯೋ ಅಷ್ಟು ಕೊಡಿ. ಬನ್ನಿ ಒಳಗೆ, ನಿಮ್ಮಮ್ಮಿ ನಿಮ್ಮ ಉತ್ತರಕ್ಕೆ ಕಾಯ್ತಿದಾರೆ.”